ಹಸಿರು ಬಾವುಟ

"ಬಂತು! ಬಂತು!" ಎಂದು ಪ್ಲಾಟ್‌ಫಾರ್ಮಿನ ತುದಿಯಿಂದ ಯಾರೋ ಕೂಗಿದ್ದೇ ತಡ, ಜನರೆಲ್ಲ ಗಂಟುಮೂಟೆ ಎತ್ತಿಕೊಂಡು ಎದ್ದರು. ಸ್ಟೇಷನ್ ಮಾಸ್ತರರು ಬಾವುಟಗಳೆರಡನ್ನೂ ಕಂಕುಳಿಗೆ ಸಿಕ್ಕಿಸಿಕೊಂಡು ಮುಂದೆ ಬಂದರು. ರೈಲು ಖಾಸಗಿ ಕಂಪನಿಯ ಕೈಗೆ ಹೋದ ಮೇಲೆ ಈ ಸಣ್ಣ ಸ್ಟೇಷನ್ನಿನಲ್ಲಿ ಒಂದು ದಿನವೂ ನಿಂತಿರಲಿಲ್ಲ. ಲಾಭವಿಲ್ಲದ ಕಡೆ ಬ್ರೇಕ್ ಹಾಕುವುದೇ ದಂಡ ಎನ್ನುವುದು ಕಂಪನಿಯ ಲೆಕ್ಕ. ಇವತ್ತು ಬೆಳಗ್ಗೆ ರೈಲು ಮತ್ತೆ ಸರ್ಕಾರದ್ದಾಗಿತ್ತು. ಇವತ್ತು ಇಲ್ಲಿ ನಿಲ್ಲುತ್ತದೆ, ಆದರೆ ಪರೀಕ್ಷೆಗೆ. ಯಾರೂ ಹತ್ತದಿದ್ದರೆ ಸ್ಟೇಷನ್ನಿಗೆ ಬೀಗ.

"ಸರ್ಕಾರದ್ದಾಗಿ ಇನ್ನೂ ಅರ್ಧ ದಿನ ಆಗಿಲ್ಲ, ಆಗಲೇ ಲೇಟು!" ಎಂದು ಕ್ಷೌರದಂಗಡಿಯವನು ಕೊಂಕು ತೆಗೆದ. "ಕಂಪನಿ ಇದ್ದಾಗ ರೈಲು ನೋಡಿ ಗಡಿಯಾರ ಸರಿ ಮಾಡ್ಕೋಬಹುದಿತ್ತು."

"ಟೈಮಿಗೆ ಸರಿಯಾಗಿ ಬಂದು ಮುಖಕ್ಕೆ ಧೂಳು ಹಾರಿಸ್ಕೊಂಡು ಹೋಗ್ತಿತ್ತಲ್ಲ, ಅದೇನು ಭಾಗ್ಯ!" ಎಂದರು ಮಾಸ್ತರರ ಹೆಂಡತಿ. "ನಿನಗೆ ನೋಡೋ ರೈಲು ಬೇಕೋ, ಹತ್ತೋ ರೈಲು ಬೇಕೋ?"

"ಎರಡೂ ಬೇಕು ಅಕ್ಕ. ನಾನೂ ಟಿಕೆಟ್ ತಗೊಂಡಿಲ್ವಾ?"

ಮಾಸ್ತರರ ಹೆಂಡತಿಗೆ ವಾದಕ್ಕೆ ಪುರುಸೊತ್ತಿರಲಿಲ್ಲ. ರೈಲು ಓಡಿಸುತ್ತಿದ್ದವಳು ಅವರ ಮಗಳು. ಕೆಲಸಕ್ಕೆ ಸೇರಿದಾಗಿನಿಂದ ಹಾರ್ನ್ ಹೊಡೆದು, ಕೈ ಬೀಸಿ, ಅಪ್ಪ ಅಮ್ಮನ ಕಣ್ಣೆದುರೇ ಹಾದುಹೋಗುತ್ತಿದ್ದಳು. ಇವತ್ತು ಅಮ್ಮ ಮೊದಲ ಸಲ ಮಗಳ ರೈಲು ಹತ್ತಬೇಕು. ಅದಕ್ಕೆಂದೇ ಹೊಸ ಚಪ್ಪಲಿ ಮೆಟ್ಟಿ ಬಂದಿದ್ದರು.

ತಿರುವಿನಲ್ಲಿ ಇಂಜಿನ್ ಕಾಣಿಸಿತು. ಮಾಸ್ತರರು ಮೈಯೆಲ್ಲ ಕಣ್ಣಾಗಿ, ಸಂಭ್ರಮದಿಂದ ಕೈ ಎತ್ತಿ ಬಾವುಟ ಬೀಸಿದರು. ನಿಧಾನವಾಗುತ್ತಿದ್ದ ರೈಲು ಮತ್ತೆ ವೇಗ ಹಿಡಿಯಿತು.

"ರೀ! ಹಸಿರು! ಹಸಿರು ತೋರಿಸ್ತಿದ್ದೀರಿ!"

ಇಷ್ಟು ವರ್ಷ 'ನಿಲ್ಲಬೇಡ, ಹೋಗು' ಎಂದು ಬೀಸಿ ಬೀಸಿ ರೂಢಿಯಾದ ಕೈ. ಮಾಸ್ತರರು ಕಕ್ಕಾಬಿಕ್ಕಿಯಾದರು. ಹೆಂಡತಿ ಅವರ ಕಂಕುಳಿನಿಂದ ಕೆಂಪು ಬಾವುಟ ಕಿತ್ತುಕೊಂಡು, ಚಪ್ಪಲಿ ಅಲ್ಲೇ ಬಿಟ್ಟು, ಪ್ಲಾಟ್‌ಫಾರ್ಮಿನುದ್ದ ಓಡಿದರು.

"ನಿಲ್ಲಿಸೇ! ನಿಮ್ಮಪ್ಪನಿಗೆ ತಲೆ ಕೆಟ್ಟಿದೆ, ನಿಲ್ಲಿಸೇ!"

ಬ್ರೇಕು ಕಿರುಚಿತು. ಬೋಗಿಗಳೆಲ್ಲ ಮುಂದೆ ಹೋಗಿ, ಕೊನೆಯದೊಂದು ಮಾತ್ರ ಪ್ಲಾಟ್‌ಫಾರ್ಮಿಗೆ ಸಿಕ್ಕಿತು. ಜನ ಹೋ ಎಂದು ಕೂಗುತ್ತ ಅದಕ್ಕೇ ಮುಗಿಬಿದ್ದರು. ಎಲ್ಲರಿಗಿಂತ ಮೊದಲು ನುಗ್ಗಿ ಕಿಟಕಿ ಪಕ್ಕ ಕೂತವನು ಕ್ಷೌರದಂಗಡಿಯವನೇ. ಹೆಂಡತಿ ಬರಿಗಾಲಲ್ಲೇ ಹತ್ತಿದರು. ಪ್ಲಾಟ್‌ಫಾರ್ಮಿನಲ್ಲಿ ಉಳಿದದ್ದು ಮಾಸ್ತರರು ಮತ್ತು ಒಂದು ಜೊತೆ ಹೊಸ ಚಪ್ಪಲಿ.

ಹಾರ್ನ್ ಆಯಿತು. ಹೊರಡಬೇಕಾದರೆ ಮಾಸ್ತರರು ಹಸಿರು ತೋರಿಸಬೇಕು. ಬಾವುಟ ಕೈಯಲ್ಲೇ ಇತ್ತು, ಕೈ ಮಾತ್ರ ಏಳಲಿಲ್ಲ. ಎತ್ತಿದರೆ ರೈಲು ಹೋಗಿಬಿಡುತ್ತದೆ.

ಮತ್ತೆ ಹಾರ್ನ್. ಇಂಜಿನ್ನಿನ ಕಿಟಕಿಯಿಂದ ಮಗಳು ಅರ್ಧ ಮೈ ಹೊರಚಾಚಿ, ಗಂಟಲು ಹರಿಯುವಂತೆ ಕೂಗಿದಳು:

"ಅಪ್ಪಾ, ಕಳಿಸಪ್ಪಾ! ನಾಳೆನೂ ನಿಲ್ತೀನಿ!"