ಗೋಡೆಗೆ ತಿರುಗಿದ ಕೆನ್ನೆ

"ಗುರ್ತು ಸಿಗೂ ಹಂಗ ಚಿತ್ರಾ ತಗೀರಿ ಮಾಸ್ತರ. ಕಣ್ಣ ತೆರದಿರಬೇಕು, ಜೀವಂತ ಇದ್ದಂಗ," ಎನ್ನುತ್ತ ಪೊಲೀಸ್ ದಾವೂದಸಾಬ ಚೀಲದಿಂದ ಪ್ಲಾಸ್ಟರಿನ ಮುಖವೊಂದನ್ನು ಹೊರತೆಗೆದ.

ಅಳ್ನಾವರದ ಕೆರೆಯಲ್ಲಿ ಸಿಕ್ಕ ಹೆಣದ ಅಚ್ಚು ಅದು, ಎರಡೂ ಕಿವಿ ಸಹಿತ. ಇಪ್ಪತ್ತರ ಆಸುಪಾಸಿನ ಹೆಂಗಸು. ನೀರಲ್ಲಿ ಉಬ್ಬಿದ ಮುಖ ಫೋಟೋದಲ್ಲಿ ಯಾರಿಗೂ ಗುರುತು ಹತ್ತಿರಲಿಲ್ಲ. ನವಲಗುಂದದ ಹೈಸ್ಕೂಲಿನಲ್ಲಿ ಎಂಬತ್ತನಾಲ್ಕನೇ ಇಸವಿಯವರೆಗೆ, ಇಪ್ಪತ್ತು ವರ್ಷ, ಪ್ಲಾಸ್ಟರಿನ ಮೂರ್ತಿಗಳನ್ನಿಟ್ಟು ಮಕ್ಕಳಿಂದ ಚಿತ್ರ ಬರೆಸಿದ್ದ ಕುಬೇರಪ್ಪ ಮಾಸ್ತರರ ಕೈಮೇಲೆ ಠಾಣೆಯ ಫೌಜದಾರನಿಗೆ ನಂಬಿಕೆ.

ಮಾಸ್ತರರ ಹೆಂಡತಿ ಮಹಾದೇವಕ್ಕ ಸೆರಗಿನಿಂದ ಅದರ ಧೂಳು ಒರೆಸಿದಳು. ಕಿಟಕಿಯ ಬಳಿ, ಎಡಗೆನ್ನೆ ಗೋಡೆಗೆ ಬರುವಂತೆ ಇಟ್ಟಳು.

"ಹಿಂಗ ಇರ್ಲಿ, ಬೆಳಕ ಛಲೋ ಬೀಳ್ತದ." ಆಮೇಲೆ ದಾವೂದಸಾಬನನ್ನು ಕೇಳಿದಳು: "ಎಲ್ಲಿ ಮಣ್ಣ ಮಾಡ್ಯಾರಪಾ?"

"ಅಲ್ಲೇ ಅಳ್ನಾವರದಾಗರಿ. ಅನಾಥ ಹೆಣ."

ಮಾಸ್ತರರು ಇದ್ದಿಲು ಹಿಡಿದು ಕೂತರು. ಎರಡು ದಿನ ಬಿಳಿ ಪ್ಲಾಸ್ಟರಿನ ಮೇಲಿನ ಬೆಳಕು ನೆರಳನ್ನೇ ಅಳೆದರು. ಹಾಳೆಯ ಮೇಲೆ ಬಾವು ಇಳಿಸಿದರು, ತುಟಿ ಕೂಡಿಸಿದರು. ಮಹಾದೇವಕ್ಕ ಚಹಾ ಇಟ್ಟು ಹೋಗುತ್ತಿದ್ದಳು, ಚಿತ್ರದತ್ತ ನೋಡುತ್ತಿರಲಿಲ್ಲ. ಗುರುವಾರ ಬೆಳಗ್ಗೆ, ಯಮನೂರಿನ ದರ್ಗಾಕ್ಕೆ ಹೋಗಿ ಬರುತ್ತೇನೆಂದು ಬಸ್ ಹತ್ತಿದಳು. ಎರಡು ವರ್ಷದ ಹಿಂದೆ ಮನೆ ಬಿಟ್ಟುಹೋದ ಮಗಳು ಕಸ್ತೂರಿಗಾಗಿ ಅಲ್ಲಿ ಹರಕೆ ಹೊತ್ತಿದ್ದಳು.

ಆಕೆ ಹೋದ ಮೇಲೆ, ಇನ್ನೊಂದು ಬದಿ ನೋಡಲೆಂದು ಮಾಸ್ತರರು ಅಚ್ಚನ್ನು ತಿರುಗಿಸಿದರು. ಎಡಗಿವಿಯ ಹಾಲೆ ಸೀಳಿತ್ತು.

ಲಾರಿ ಡ್ರೈವರನನ್ನು ಮದುವೆಯಾಗುತ್ತೇನೆಂದ ದಿನ ಕಸ್ತೂರಿಯನ್ನು ಹೊಡೆದವರು ಮಾಸ್ತರರೇ. ಓಲೆ ಬೆರಳಿಗೆ ಸಿಕ್ಕಿ ಎಡಗಿವಿಯ ಹಾಲೆ ಹರಿದಿತ್ತು. ಮರುದಿನ ಹೋದವಳು ತಿರುಗಿ ಬಂದಿರಲಿಲ್ಲ.

ಕೈಯಲ್ಲಿದ್ದ ಇದ್ದಿಲು ಪುಡಿಯಾಯಿತು. ಮಾಸ್ತರರು ಬೇರೊಂದು ಹಾಳೆ ತೆಗೆದುಕೊಂಡರು. ಚಪ್ಪಟೆ ಮೂಗು, ದಪ್ಪ ಹುಬ್ಬು, ಎಲ್ಲಿಯೂ ಇಲ್ಲದ ಒಂದು ಮುಖ. ಮೊದಲಿನ ಚಿತ್ರವನ್ನು ಒಲೆಗೆ ಹಾಕಿದರು. ಮಧ್ಯಾಹ್ನ ದಾವೂದಸಾಬ ಬಂದು ಹೊಸ ಚಿತ್ರವನ್ನೂ ಅಚ್ಚನ್ನೂ ಒಯ್ದ. ತಾಯಿಯ ಪಾಲಿಗಾದರೂ ಕಸ್ತೂರಿ ಬದುಕಿರಲಿ ಎಂದುಕೊಂಡರು ಮಾಸ್ತರರು.

ಸಂಜೆ ಮಹಾದೇವಕ್ಕ ಬಂದು ಕಾಲು ತೊಳೆದಳು.

"ಚಿತ್ರಾ ಮುಗೀತೇನ್ರಿ?"

"ಮುಗೀತು. ಯಾರೋ ಪರಸ್ಥಳದ ಹುಡುಗಿ." ಮಾಸ್ತರರು ತಲೆ ಎತ್ತಲಿಲ್ಲ. "ನಮ್ಮ ಕಸ್ತೂರಿ ಎಲ್ಲ್ಯರ ಸುಖವಾಗಿರ್ತಾಳ, ಮಹಾದೇವಿ. ಒಂದಿನ ಬಂದ ಬರ್ತಾಳ."

ಆಕೆ ಒದ್ದೆ ಕಾಲಲ್ಲೇ ಹೊಸ್ತಿಲ ಮೇಲೆ ನಿಂತಳು.

"ನಾ ಯಮನೂರಿಗೆ ಹೋಗಿದ್ದಿಲ್ರಿ," ಎಂದಳು. "ಅಳ್ನಾವರಕ್ಕ ಹೋಗಿ, ಆಕಿ ಮಣ್ಣಿನ ಮ್ಯಾಲೆ ವಿಭೂತಿ ಇಟ್ಟ ಬಂದೆ."