ಮೂಗಿನ ಮೇಲಿನ ಮಚ್ಚೆ

ಟೈಲರಮ್ಮನ ಒಪ್ಪಿಗೆ ಪತ್ರದಲ್ಲಿ ಸಹಿ ಇರಲಿಲ್ಲ. ಆದರೂ ಚಿಕಿತ್ಸೆಯ ವೇಳೆ ಅವಳು ಬರೆದ, ಬೆಲ್ಟು ಹಿಡಿದ ಗಂಡನ ಚಿತ್ರ ಪ್ರದರ್ಶನದ ಗೋಡೆಯ ಮೇಲಿತ್ತು.

“ಹೆಸರು ಹಾಕಿಲ್ವಲ್ಲಮ್ಮ,” ಎಂದರು ವೃತ್ತಿನೀತಿಯ ಪಾಠವನ್ನೂ ಮಾಡುತ್ತಿದ್ದ ಕಲಾ ಚಿಕಿತ್ಸಕಿ.

“ಮೂಗಿನ ಮೇಲೆ ಮಚ್ಚೆ ಇದೆಯಲ್ಲ ಮೇಡಂ. ಅತ್ತೆ ನೋಡಿದ ತಕ್ಷಣ ಮಗನನ್ನ ಗುರುತು ಹಿಡಿದ್ರು. ನಿನ್ನೆ ಮತ್ತೆ ಬೆಲ್ಟು ಬಿತ್ತು.” ಅವಳು ಚೀಲದಿಂದ ಬಟ್ಟೆ ಕತ್ತರಿ ತೆಗೆದಳು.

“ಹಿಡ್ಕೊಳೇ ಅವಳನ್ನ!” ಎಂದು ಚಿಕಿತ್ಸಕಿ ತಮ್ಮ ವಿದ್ಯಾರ್ಥಿನಿಗೆ ಕೂಗಿದರು. ಮೇಡಂ ಮಾತು ಕೇಳಿ ಆ ಚಿತ್ರವನ್ನು ಅಂಟಿಸಿದವಳು ಆ ವಿದ್ಯಾರ್ಥಿನಿಯೇ. ಈಗ ಅವಳು ಚಿತ್ರದ ತುದಿಯನ್ನು ಬಿಗಿಯಾಗಿ ಹಿಡಿದುಕೊಟ್ಟಳು. “ಕತ್ತರಿಸಿ ಅಕ್ಕಾ. ಉಳಿದ ಚಿತ್ರ ಬರೆದವರಿಗೂ ಫೋನ್ ಮಾಡಿದೀನಿ. ಅವರನ್ನೂ ಯಾರೂ ಕೇಳಿರಲಿಲ್ಲ.” ಕತ್ತರಿ ಗಂಡನ ಮುಖದ ನಡುವೆ ಹಾದುಹೋಯಿತು.

ಸಂಜೆಯೊಳಗೆ ಎಲ್ಲರೂ ಬಂದರು. ಗೋಡೆಯಿಂದ ಹೋದ ಚಿತ್ರಗಳು ಮೂವತ್ತೊಂದು.