ಮೇಷ್ಟ್ರ ದನಿಯಲ್ಲಿ ಮೊಮೆಂಟಮ್

ಎಂಎಸ್ಸಿ ತರಗತಿಯ ಬಾಗಿಲಿಗೆ ಬಂದ ಭೌತಶಾಸ್ತ್ರದ ಮೇಷ್ಟ್ರಿಗೆ ಒಳಗಿನಿಂದ ತಮ್ಮದೇ ದನಿ ಕೇಳಿಸಿತು. ಅದೇ ಕೆಮ್ಮು, ಅದೇ "ತಿಳೀತೇನ್ರಯ್ಯಾ?" ಇಣುಕಿದರೆ, ತಿಪ್ಪೇಶ ಸೊಂಟದ ಮೇಲೆ ಕೈಯಿಟ್ಟು ಬೋರ್ಡಿನ ಮುಂದೆ ನಿಂತಿದ್ದ. ಉಳಿದವರು ಬಿದ್ದು ಬಿದ್ದು ನಗುತ್ತಿದ್ದರು.

"ವೇವ್ ಫಂಕ್ಷನ್ನಿಂದ ಮೊಮೆಂಟಮ್ಮಿನ ಸಂಭವನೀಯತೆ ಬೇಕಾ? ಮೊದಲು ಅದರ ವರ್ಗ ಮಾಡಿ, ಆಮೇಲೆ ಫೂರಿಯೇ ಟ್ರಾನ್ಸ್‌ಫಾರ್ಮ್ ಹಾಕ್ರಯ್ಯಾ!"

ಮೇಷ್ಟ್ರ ಪಿತ್ತ ನೆತ್ತಿಗೇರಿತು. ತಮ್ಮನ್ನು ಅಣಕಿಸಿದ್ದನ್ನಾದರೂ ನುಂಗಿಕೊಳ್ಳುತ್ತಿದ್ದರೇನೋ, ತಮ್ಮ ದನಿಯಲ್ಲಿ ಲೆಕ್ಕ ಕೆಡಿಸಿದ್ದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ಲೋ ಕತ್ತೆ! ಮೊದಲೇ ವರ್ಗ ಮಾಡಿದ್ರೆ ಅಲೆಯ ಫೇಸ್ ಎಲ್ಲಾ ಅಳಿಸಿಹೋಗತ್ತೆ, ಮೊಮೆಂಟಮ್ಮಿನ ಸುದ್ದಿ ಇರೋದೇ ಅದರಲ್ಲಿ! ಫೂರಿಯೇ ಮೊದಲು, ವರ್ಗ ಆಮೇಲೆ. ಯಾವ ದಡ್ಡ ನಿನಗಿದನ್ನ ಹೇಳಿಕೊಟ್ಟೋನು?"

ತಿಪ್ಪೇಶ ತಲೆ ತಗ್ಗಿಸಿದ. "ಬೇಡ ಬಿಡಿ ಸರ್."

"ಹೆಸರು ಹೇಳು! ಇಲ್ದಿದ್ರೆ ಇಂಟರ್ನಲ್ಸ್‌ನಲ್ಲಿ ಸೊನ್ನೆ. ಪರೀಕ್ಷೆಗೆ ಹೇಗೆ ಕೂರ್ತೀಯೋ ನಾನೂ ನೋಡ್ತೀನಿ."

ನಗು ನಿಂತುಹೋಯಿತು. ಹುಡುಗ ಈಗ ತನ್ನ ಸ್ವಂತ ದನಿಯಲ್ಲಿ ಹೇಳಿದ: "ನಿನ್ನೆ ನೀವು ಮಾಡಿದ ಪಾಠಾನ ಒಂದಕ್ಷರಾನೂ ಬಿಡದೆ ಒಪ್ಪಿಸ್ದೆ ಸರ್."